ಕಡಲಿಗೆ ಬೆನ್ನು

ಮೇ 28, ಶನಿವಾರ

ಅಣ್ಣ ಟೌನೋ ಯಾಕಿಮಾದಿಂದ ಫೋನ್ ಮಾಡಿದ್ದ. ಆಗಸ್ಟ್ ಕೊನೆಗೆ, ಸೇಬಿನ ಕೊಯ್ಲು ಬಿರುಸಾಗುವ ಮೊದಲು ಲಾರಿ ತರುತ್ತಾನಂತೆ. "ಮಂಚ, ಒಲೆ, ನೀನು. ಇನ್ನೇನಿದೆ ಪುಟ್ಟಿ? ಒಂದೇ ಸಲಕ್ಕೆ ಆಗ್ಹೋಗುತ್ತೆ" ಎಂದ. ಆಗಲಿ ಎಂದೆ. ಅವನ ಊರಿನ ಸುತ್ತ ಬೋಳು ಬೆಟ್ಟ, ಒಣ ನೆಲ. ಕಡಲು ನೋಡಬೇಕೆಂದರೆ ಘಟ್ಟ ದಾಟಿ ಬರಬೇಕು. ನನಗೆ ಬೇಕಾಗಿರುವುದು ಅದೇ.

ಈ ಬಾಡಿಗೆ ಮನೆಗೂ ಕಡಲಿಗೂ ನಡುವೆ ಒಂದು ಮರಳ ದಿಬ್ಬ ಮಾತ್ರ ಇದೆ. ನವೆಂಬರಿನಿಂದ ನಾನು ಅದನ್ನು ಹತ್ತಿಲ್ಲ. ಮಲಗುವ ಕೋಣೆಯಲ್ಲಿ ಅಲೆಯ ಸದ್ದು ಜಾಸ್ತಿ, ಅದಕ್ಕೇ ಹಾಸಿಗೆ ಅಡುಗೆಮನೆಗೆ ತಂದುಕೊಂಡೆ. ಅಲ್ಲೂ ಕೇಳಿಸುತ್ತದೆ.

ಗಂಡ ರೇನೋ ಇನ್ನೂ ಸಿಕ್ಕಿಲ್ಲ. ನವೆಂಬರಿನ ಆ ಸಂಜೆ ನೀರು ಇಳಿದಾಗ ಎಲ್ಲರಂತೆ ಮರಳಿನಡಿಯ ಚಿಪ್ಪಿಮೀನು ಅಗೆಯಲು ಹೋಗಿದ್ದ. ಕಡಲಿಗೆ ಬೆನ್ನು ಮಾಡಿ ಬಗ್ಗಿದ್ದನಂತೆ. ಒಂದು ಅಲೆ ಬೇರೆ ಅಲೆಗಳಿಗಿಂತ ದೂರ ಬಂತಂತೆ. ಅಷ್ಟೇ. ಸಲಿಕೆ ಸಿಕ್ಕಿತು. ಈಗ ದಿಬ್ಬ ಹತ್ತಿದರೆ ಮರಳಿನ ಮೇಲೆ ಅವನು ಮಲಗಿರುವುದು ಕಾಣುತ್ತದೆ ಎಂದು ನನಗೆ ಭಯ. ಇದನ್ನು ಯಾರಿಗೂ ಹೇಳಿಲ್ಲ.

ಜೂನ್ 4, ಶನಿವಾರ

ರೇನೋನ ಅಕ್ಕ ಹಿಲ್ಮಾ ಏಲಕ್ಕಿ ಬನ್ನು ತಂದಿದ್ದಳು. ಬನ್ನು ತಂದಳೆಂದರೆ ಏನೋ ಕೇಳಲು ಬಂದಿದ್ದಾಳೆ ಎಂದೇ ಅರ್ಥ.

"ನಂಗೆ ಕಡಲು ಕಾಯೋರು ಬೇಕು" ಎಂದಳು.

ಅಕ್ಕ ತಮ್ಮ ಇಬ್ಬರಿಗೂ ಎರಡು ದಾರದ ಗಾಳಿಪಟದ ಹುಚ್ಚು. ಒಂದು ದಾರ ಎಡಗೈಗೆ, ಒಂದು ಬಲಗೈಗೆ. ಎಳೆದ ಕಡೆಗೆ ಪಟ ತಿರುಗುತ್ತದೆ. ಇಬ್ಬರೂ ಜೋಡಿಯಾಗಿ ಹಾರಿಸುತ್ತಿದ್ದರು. ಇಲ್ಲಿ ವರ್ಷದ ಬಹುಪಾಲು ಗಾಳಿ ಕಡಲಿಂದ ಬರುತ್ತದೆ. ಪಟ ಗಾಳಿ ಹೋಗುವ ಕಡೆ ಇರುವುದರಿಂದ ಹಾರಿಸುವವರು ಕಡಲಿಗೆ ಬೆನ್ನು ಕೊಟ್ಟೇ ನಿಲ್ಲಬೇಕು. ಕಡಲಿಗೆ ಬೆನ್ನು ಕೊಡಬೇಡಿ ಎಂದು ದಿಬ್ಬದ ಪ್ರತಿ ದಾರಿಯಲ್ಲೂ ಬೋರ್ಡಿದೆ. ಅದಕ್ಕೇ ಹಿಲ್ಮಾ ಒಂದು ಕಟ್ಟಳೆ ಮಾಡಿದ್ದಳು. ಯಾರೇ ಹಾರಿಸಲಿ, ಒಬ್ಬರು ಕಡಲು ಕಾಯಬೇಕು. ಕಾಯುವವರು 'ನೀರು!' ಎಂದು ಕೂಗಿದರೆ ದಾರದ ಹಿಡಿಗಳನ್ನು ಬಿಟ್ಟು, ಹಿಂದೆ ನೋಡದೆ ದಿಬ್ಬಕ್ಕೆ ಓಡಬೇಕು. ಪಟ ಹಾಳಾಗಿ ಹೋಗಲಿ. ಅಷ್ಟು ವರ್ಷವೂ ಮಡಚುವ ಕುರ್ಚಿ ಹಾಕಿಕೊಂಡು, ಕಾಲುಚೀಲ ಹೆಣೆಯುತ್ತ ಕಡಲು ಕಾದವಳು ನಾನು. ಪಟ ಹಾರಿಸುವಾಗ ರೇನೋ ಆ ಕಟ್ಟಳೆ ಒಮ್ಮೆಯೂ ಮುರಿಯಲಿಲ್ಲ. ಚಿಪ್ಪಿಮೀನು ಅಗೆಯುವುದಕ್ಕೆ ಯಾರೂ ಕಟ್ಟಳೆ ಮಾಡಿರಲಿಲ್ಲ.

ಆಗಲ್ಲ ಎಂದೆ.

"ನೀನು ಹೋಗೋಳು ಹೋಗ್ತೀಯ. ಹೋಗೋ ತನಕ ನನ್ನ ಗತಿ?"

"ಬೇರೆಯವರನ್ನ ಕರಿ."

"ಬೇರೆಯವರು ಕಡಲು ನೋಡಲ್ಲ ಕಣೆ. ಪಟ ನೋಡ್ತಾರೆ. ತಲೆ ಮೇಲೆ ಪಟ ಆಡ್ತಿದ್ರೆ ಯಾರಾದ್ರೂ ನೀರು ನೋಡ್ತಾರಾ? ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕತ್ತೆತ್ತದೆ ಕೂತೋಳು ನೀನೊಬ್ಬಳೇ. ರೇನೋ ಅದಕ್ಕೇ ಬೈಕೋತಿದ್ದ, ನನ್ನ ಹೆಂಡ್ತಿ ನನ್ನ ಪಟಾನೇ ನೋಡಿಲ್ಲ ಅಂತ."

ಅವನು ಹಾಗೆ ಬೈದುಕೊಳ್ಳುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಜೂನ್ 5, ಭಾನುವಾರ

ಹೋದೆ. ದಿಬ್ಬದ ತುದಿಯಲ್ಲಿ ಕಾಲು ನಿಂತುಹೋಯಿತು. ಮರಳಿನ ಮೇಲೆ, ನೀರಿನ ಅಂಚಿನಲ್ಲಿ, ಉದ್ದಕ್ಕೆ ಕಪ್ಪಗೆ ಏನೋ ಬಿದ್ದಿತ್ತು. ಹಿಲ್ಮಾ ನನ್ನ ಮುಖ ನೋಡಿದಳು, ಅದನ್ನು ನೋಡಿದಳು. ಇಳಿದು ಹೋಗಿ, ಕಾಲಿನಿಂದ ತಿರುವಿ, ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದಳು.

"ಪಾಚಿ!"

ಅಂದರೆ ಅವಳಿಗೂ ಅದೇ ಭಯವಿದೆ.

ಅವಳು ಹಾರಿಸುವಷ್ಟು ಹೊತ್ತು ನಾನು ಕಡಲು ನೋಡಿದೆ. ಕಣ್ಣು ಮಿಟುಕಿಸಲೂ ಧೈರ್ಯ ಬರಲಿಲ್ಲ. ಮನೆಗೆ ಬಂದ ಮೇಲೆ ಕಣ್ಣು ಉರಿ, ಕತ್ತು ನೋವು. ಇನ್ನು ಹೋಗುವುದಿಲ್ಲ.

ಜೂನ್ 12, ಭಾನುವಾರ

ಹೋದೆ. ಬೈದುಕೊಳ್ಳುತ್ತಲೇ ಹೋದೆ.

ಜೂನ್ 19, ಭಾನುವಾರ

ಹಿಲ್ಮಾ ಇವತ್ತು ರೇನೋನ ಪಟ ತಂದಿದ್ದಳು. ಕೆಂಪು ಬಟ್ಟೆ. ಎಡ ರೆಕ್ಕೆಯಲ್ಲಿ ಒಂದು ಬೂದಿ ಬಣ್ಣದ ತುಂಡು, ಹೊಲಿಯುವಾಗ ಕೆಂಪು ಸಾಲದೆ ಬಂದದ್ದು. ನನ್ನ ಹೊಲಿಗೆ ಯಂತ್ರದಲ್ಲೇ ಹೊಲಿದು, ಸೂಜಿ ಮುರಿದು, ತಾನಲ್ಲ ಎಂದು ವಾದಿಸಿದ್ದ.

ಅದನ್ನು ದೂರದಲ್ಲಿ ರೆಕ್ಕೆಯ ತುದಿಗಳ ಮೇಲೆ ನಿಲ್ಲಿಸಿ, ದಾರ ಬಿಚ್ಚುತ್ತ ಬಂದು ಎರಡು ಹಿಡಿಯನ್ನೂ ನನ್ನ ಮಡಿಲಿಗೆ ಹಾಕಿದಳು.

"ಉಪ್ಪು ಹಿಡಿದ ಬಟ್ಟೆ ಸುತ್ತಿಟ್ರೆ ಕೊಳೆಯುತ್ತೆ. ಗಾಳಿ ಆಡಿಸ್ಬೇಕು. ಏಳು."

"ನಂಗೆ ಬರಲ್ಲ."

"ನಂಗೂ ಹುಟ್ಟುತ್ತಾ ಬರ್ತಿರಲಿಲ್ಲ."

"ಕಡಲು ಯಾರು ನೋಡೋದು?"

"ನಾನು."

ಪಟ ಏರಬೇಕಾದರೆ ಎರಡೂ ಕೈ ಎಳೆದು ಒಂದು ಹೆಜ್ಜೆ ಹಿಂದಿಡಬೇಕು. ಹಿಂದೆ ಎಂದರೆ ಕಡಲಿನ ಕಡೆಗೆ, ನೋಡದೆ. ಎದ್ದು ನಿಂತೆ, ಹಿಡಿ ಹಿಡಿದೆ, ಬೆನ್ನು ತಿರುಗಿಸಿದೆ. ಬೆನ್ನಿನ ಚರ್ಮವೆಲ್ಲ ಮುದುರಿದಂತಾಯಿತು. ಪ್ರತಿ ಅಲೆಯೂ ಹಿಮ್ಮಡಿಗೇ ಬಂದಂತೆ ಕೇಳುತ್ತಿತ್ತು.

"ಕಂಬ ನುಂಗಿದೀಯೇನೆ? ಹೆಜ್ಜೆ ಇಡು."

"ಆಗಲ್ಲ ಹಿಲ್ಮಾ."

ಅವಳು ಬಂದು ನನ್ನ ಹಿಂದೆ ಬೂಟಿನ ಹಿಮ್ಮಡಿಯಿಂದ ಮರಳಿನಲ್ಲಿ ಗೆರೆ ಎಳೆದಳು. "ಇದನ್ನ ದಾಟ್ಬೇಡ. ಇದರ ಆಚೆ ನಾನಿರ್ತೀನಿ. ನೀರು ಬಂದ್ರೆ ಮೊದಲು ನನ್ನ ನುಂಗ್ಬೇಕು. ನನ್ನ ನುಂಗೋದು ಅಷ್ಟು ಸುಲಭಾನಾ, ನೋಡು ಈ ಗಾತ್ರ."

ಆ ಒಂದು ಹೆಜ್ಜೆ ಇಟ್ಟೆ. ಪಟ ಎದ್ದಿತು. ನಾನು ಕಿರುಚಿ ಹಿಡಿ ಬಿಟ್ಟೆ. ಪಟ ದಿಬ್ಬದ ಹುಲ್ಲಿಗೆ ಹೋಗಿ ಸಿಕ್ಕಿಕೊಂಡಿತು.

"ಪರವಾಗಿಲ್ಲ. ರೇನೋ ಮೊದಲನೇ ದಿನ ಪಟಾನ ಒಂದು ನಾಯಿಗೆ ಹೊಡೆದಿದ್ದ" ಎಂದಳು.

ಜೂನ್ 25, ಶನಿವಾರ

ಪಟ ಮೂಗು ಕೆಳಗೆ ಮಾಡಿ ಬೀಳತೊಡಗಿದರೆ ನನ್ನ ಕೈಗಳು ತಾವಾಗಿಯೇ ಎದೆಗೆ ಎಳೆದುಕೊಳ್ಳುತ್ತವೆ, ಕಾಲುಗಳು ಹಿಂದಕ್ಕೆ ಓಡುತ್ತವೆ. ಇವತ್ತು ಹಾಗೆ ಓಡಿ ಗೆರೆ ದಾಟಿ ಹಿಲ್ಮಾಳಿಗೆ ಡಿಕ್ಕಿ ಹೊಡೆದೆ. ಇಬ್ಬರೂ ಒದ್ದೆ ಮರಳಿನಲ್ಲಿ ಕುಕ್ಕರಿಸಿದೆವು. ಪಟ ಅಷ್ಟೇ ಜೋರಾಗಿ ನೆಲಕ್ಕೆ ಬಡಿದು ಕಡ್ಡಿ ಮುರಿಯಿತು.

"ಹೆದರಿದ್ರೆ ಎಲ್ಲಾರೂ ಹಿಂದಕ್ಕೇ ಓಡೋದು" ಎಂದಳು ಹಿಲ್ಮಾ, ಮರಳು ಕೊಡವಿಕೊಳ್ಳುತ್ತ. "ಎಳೆದಷ್ಟೂ ಅದಕ್ಕೆ ವೇಗ. ಬೀಳೋ ಪಟದ ಕಡೆಗೇ ನಡೀಬೇಕು, ಕೈ ಮುಂದಕ್ಕೆ ಕೊಡಬೇಕು. ಆಗ ಅದಕ್ಕೆ ಬಲ ಇರಲ್ಲ. ಮೆತ್ತಗೆ ಕೂರುತ್ತೆ."

"ಬೀಳೋದರ ಕಡೆಗೆ ಯಾರು ಹೋಗ್ತಾರೆ?"

"ಅದಕ್ಕೇ ಕಲೀಬೇಕು ಅನ್ನೋದು."

ಕಡ್ಡಿಗೆ ಅವಳ ಮನೆಯಲ್ಲಿ ಇನ್ನೊಂದು ಇತ್ತಂತೆ.

ಜುಲೈ 4, ಸೋಮವಾರ

ಸ್ವಾತಂತ್ರ್ಯ ದಿನ. ಮರಳಿನ ಉದ್ದಕ್ಕೂ ಪಟಾಕಿ. ಇಡೀ ದಿನ ಬಾಗಿಲು ಹಾಕಿಕೊಂಡಿದ್ದೆ.

ಜುಲೈ 17, ಭಾನುವಾರ

ಗಾಳಿಗೆ ನಡು ಎಂದೂ ಅಂಚು ಎಂದೂ ಇದೆ. ನಡುವಿನಲ್ಲಿ ಪಟ ಮೊಣಕೈ ಕಿತ್ತುಬರುವಂತೆ ಎಳೆಯುತ್ತದೆ. ಅಂಚಿಗೆ ಕರೆದೊಯ್ದರೆ ಎಳೆತ ಸಾಯುತ್ತದೆ, ಆಗ ಎರಡು ಹೆಜ್ಜೆ ಮುಂದೆ ಹೋದರೆ ಹಕ್ಕಿಯ ಹಾಗೆ ಇಳಿದು ನಿಲ್ಲುತ್ತದೆ. ಇವತ್ತು ಅದು ಬಂತು. ಬಲದ ಅಂಚಿನಲ್ಲಿ ಇಳಿಸಿದೆ. ಇಳಿದು, ರೆಕ್ಕೆ ನಡುಗಿಸುತ್ತ ನಿಂತುಕೊಂಡಿತು. ಮತ್ತೆ ಏರಿಸಿದೆ. ಎಡದ ಅಂಚಿನಲ್ಲಿ ಇಳಿಸಿದೆ. ಮತ್ತೆ. ಸುತ್ತು ಹಾಕಿಸಿದರೆ ದಾರ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಆದರೂ ಪಟ ಮಾತು ಕೇಳುತ್ತದೆ. ಇನ್ನೊಂದು ಕಡೆಗೆ ಸುತ್ತಿಸಿದರೆ ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಅಂಚು ತಿರುವಿನಲ್ಲಿ ಬುರ್‍ರೆನ್ನುತ್ತದೆ, ದೊಡ್ಡ ದುಂಬಿಯ ಹಾಗೆ. ನೆಲದ ಮೇಲೆ ಅದರ ನೆರಳು ಬೇರೆಯೇ ಆಟ ಆಡುತ್ತದೆ.

ಮನೆಗೆ ಬಂದಾಗ ಮೂಗು ಬಿಸಿಲಿಗೆ ಸುಲಿದಿತ್ತು. ಸಾಲ್ಮನ್ ಸಾರು ಒಲೆಯ ಮೇಲೆ ಇಟ್ಟು ಹೋಗಿದ್ದೆ, ಸೀದುಹೋಗಿತ್ತು. ತಳ ಕೆರೆದು ಅದನ್ನೇ ತಿಂದೆ.

ಜುಲೈ 24, ಭಾನುವಾರ

ಒಳ್ಳೆಯ ಗಾಳಿ. ಪಟದಿಂದ ಆಕಾಶದಲ್ಲಿ ಚೌಕ ಬರೆಯಲು ನೋಡಿದೆ. ಮೂಲೆಗಳು ಸರಿಯಾಗುತ್ತಿಲ್ಲ. ಬಲಗೈ ಅವಸರ ಮಾಡುತ್ತದೆ.

ಜುಲೈ 30, ಶನಿವಾರ

ಅಕ್ಷರ ಸರಿಯಾಗಿ ಬರುತ್ತಿಲ್ಲ.

ಚೌಕದ ನಾಲ್ಕು ಮೂಲೆಯೂ ಇವತ್ತು ಬಂತು. ಖುಷಿಗೆ ಪಟ ಇಳಿಸಿ, 'ನೋಡಿದ್ಯಾ ಹಿಲ್ಮಾ' ಎನ್ನಲು ತಿರುಗಿದೆ. ಅವಳು ಗೆರೆಯ ಆಚೆ ನಿಂತಿದ್ದಳು. ಮುಖ ನನ್ನ ಕಡೆಗೆ, ಆಕಾಶಕ್ಕೆ. ಪಟ ಇಳಿದು ನಿಂತಿದ್ದರೂ ಅವಳ ಕಣ್ಣು ಅದು ಹಾರುತ್ತಿದ್ದ ಜಾಗದಲ್ಲೇ ಇತ್ತು. ಕೆನ್ನೆ ಒದ್ದೆಯಾಗಿತ್ತು. ಅವಳ ಬೆನ್ನು ಕಡಲಿಗೆ.

ಅವಳ ಹಿಂದೆ ನೀರು ಬರುತ್ತಿತ್ತು. ಎತ್ತರವಿಲ್ಲ, ಸದ್ದಿಲ್ಲ, ಬಿಳಿಯ ಅಂಚು ಮಾತ್ರ, ಮನುಷ್ಯರು ಓಡುವುದಕ್ಕಿಂತ ವೇಗ. ಜೂನಿನಿಂದಲೂ ಅಲುಗದೆ ಅಲ್ಲೇ ಬಿದ್ದಿದ್ದ ಮರದ ದಿಮ್ಮಿ ಮಗುವಿನ ಆಟಿಕೆಯ ಹಾಗೆ ಎದ್ದು ತಿರುಗಿತು.

"ನೀರು!" ಎಂದು ಕೂಗಿದ್ದು ನಾನೇ ಇರಬೇಕು. ಅವಳ ತೋಳು ಹಿಡಿದು ಎಳೆದೆ. ನೀರು ಮೊಣಕಾಲಿಗೆ ಬಂದು ಹಿಂದಕ್ಕೆ ಜಗ್ಗಿತು. ಕಾಲಡಿಯ ಮರಳು ಕರಗಿತು. ಹೇಗೋ ದಿಬ್ಬ ಮುಟ್ಟಿದೆವು. ದಿಮ್ಮಿ ನಾವು ನಿಂತಿದ್ದ ಜಾಗವನ್ನು ಉರುಳಿ ದಾಟಿ ಹೋಗಿ ನಿಂತಿತು.

"ನೀನು ಕಡಲು ನೋಡ್ತಿರಲಿಲ್ಲ" ಎಂದೆ.

ಅವಳು ಬೂಟು ಕಳಚಿ ನೀರು ಸುರಿದಳು.

"ನನ್ನ ಕೊಲ್ತಿದ್ದೆ ನೀನು. ಅವನು ಹೋದ ಹಾಗೇ ನನ್ನೂ ಕಳಿಸ್ತಿದ್ದೆ."

"ಅವನ ಪಟ ಕಣೆ ಐಲಾ" ಎಂದಳು. "ಮೇಲೆ ಆಡ್ತಾ ಇತ್ತು. ನೋಡದೆ ಇರೋಕೆ ಆಗ್ಲಿಲ್ಲ."

ಒಬ್ಬಳೇ ಮನೆಗೆ ಬಂದೆ.

ಜುಲೈ 31, ಭಾನುವಾರ

ಟೌನೋಗೆ ಫೋನ್ ಮಾಡಿ ಬೇಗ ಬಾ ಎಂದೆ. ಲಾರಿ ತೋಟದ ಯಜಮಾನರದ್ದು, ಆಗಸ್ಟ್ ಕೊನೆಯವರೆಗೆ ಸಿಗುವುದಿಲ್ಲವಂತೆ.

ಆಗಸ್ಟ್ 3, ಬುಧವಾರ

ಹೊರಗೆ ಹೋಗಿಲ್ಲ. ಸದ್ದು ಅಡುಗೆಮನೆಗೂ ಬರುತ್ತಿದೆ.

ಆಗಸ್ಟ್ 9, ಮಂಗಳವಾರ

ಹಿಲ್ಮಾ ಬಂದಳು. ಬನ್ನು ಇರಲಿಲ್ಲ. ನಾನು ಒಳಗೆ ಕರೆಯಲಿಲ್ಲ, ಅವಳೂ ಹೊಸ್ತಿಲು ದಾಟಲಿಲ್ಲ.

"ಯಾವತ್ತಿಂದ?" ಎಂದು ಕೇಳಿದೆ.

"ಏನು ಯಾವತ್ತಿಂದ?"

"ಕಡಲು ನೋಡೋದು ಯಾವತ್ತಿಂದ ಬಿಟ್ಟೆ?"

ಅವಳು ಸುಳ್ಳು ಹೇಳುವವಳಲ್ಲ. ಆ ಹೊತ್ತಿಗೆ ಒಂದು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು.

"ನೀನು ಮೊದಲನೇ ಸಲ ಏರಿಸಿದೆಯಲ್ಲ, ಆವತ್ತಿಂದ. ನೋಡ್ಬೇಕು ಅಂತಾನೇ ನಿಂತ್ಕೋತಿದ್ದೆ. ಅದು ಏಳ್ತಿದ್ದ ಹಾಗೆ ಕತ್ತು ತಾನಾಗೇ ತಿರುಗಿಬಿಡೋದು."

ಚೌಕ, ಸುತ್ತು, ಅಂಚಿನ ಇಳಿತ, ಅಷ್ಟನ್ನೂ ಯಾರೂ ಕಾಯದೆ ಕಲಿತಿದ್ದೆ. ಅಷ್ಟು ಭಾನುವಾರ ನನ್ನ ಬೆನ್ನ ಹಿಂದೆ ಕಡಲು ಮಾತ್ರ ಇತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಇನ್ನು ಪಟದ ಮಾತು ಎತ್ತಬೇಡ" ಎಂದೆ.

"ಎತ್ತಲ್ಲ." ಹೊರಟವಳು ತಿರುಗಿದಳು. "ಮೂಡುಗಾಳಿ ಬಂದ್ರೆ ಕಾಯೋರೇ ಬೇಕಿಲ್ಲ. ಬೆಟ್ಟದ ಕಡೆಯಿಂದ ಬೀಸೋವಾಗ ಪಟ ನೀರಿನ ಮೇಲೆ ಹೋಗುತ್ತೆ, ನಾವು ಕಡಲಿಗೆ ಮುಖ ಮಾಡಿ ನಿಲ್ತೀವಿ. ಇಬ್ಬರೇ ಸಾಕು. ಇಬ್ಬರೂ ಹಾರಿಸಬಹುದು, ನಾನು ಅವನು ಹಾರಿಸ್ತಿದ್ದ ಹಾಗೆ."

"ಮೂಡುಗಾಳಿ ಅಕ್ಟೋಬರಿಗೆ. ನಾನು ಆಗಸ್ಟಿಗೆ ಹೋಗ್ತೀನಿ."

"ಅದೂ ಸರಿ" ಎಂದು ಹೋದಳು. ನಡೆಯುವಾಗ ಒಂದು ಕಡೆ ವಾಲುತ್ತಾಳೆ. ಮೊದಲು ಹಾಗಿರಲಿಲ್ಲ. ಆವತ್ತು ನಾನು ಎಳೆದದ್ದಕ್ಕೆ ಇರಬೇಕು.

ಆಗಸ್ಟ್ 20, ಶನಿವಾರ

ಪಟದ ಹಬ್ಬ. ದಿಬ್ಬದ ಮೇಲಿಂದ ಅಡುಗೆಮನೆಯ ಕಿಟಕಿಗೂ ಪಟಗಳು ಕಾಣುತ್ತಿದ್ದವು, ಮೀನು, ಡ್ರ್ಯಾಗನ್, ಕಾಲುಚೀಲ. ಪಾತ್ರೆ ತೊಳೆದೆ. ಮತ್ತೆ ತೊಳೆದೆ. ಆಮೇಲೆ ದಿಬ್ಬದ ತುದಿಯವರೆಗೆ ಮಾತ್ರ ಹೋಗಿ ನೋಡಿ ಬರೋಣ ಎಂದು ಹೊರಟೆ.

ಹೊರ ಊರಿನ ಒಬ್ಬ ದಪ್ಪ ಮನುಷ್ಯ ಹೊಸ ಪಟ ಹಿಡಿದುಕೊಂಡು ಒದ್ದಾಡುತ್ತಿದ್ದ. ಪಟ ಮೂಗು ಕೆಳಗೆ ಮಾಡಿತು. ಅವನು ಎರಡೂ ಕೈ ಎದೆಗೆ ಎಳೆದುಕೊಂಡು ಹಿಂದಕ್ಕೆ, ನೀರಿನ ಕಡೆಗೆ ಓಡತೊಡಗಿದ.

"ಮುಂದೆ! ಮುಂದೆ ನಡೀರಿ! ಕೈ ಮುಂದೆ ಕೊಡಿ!" ಎಂದು ಕೂಗುತ್ತ ದಿಬ್ಬ ಇಳಿದೆ.

ಪಾಪ, ಅವನು ಗಾಬರಿಯಾಗಿ ನಿಂತೇಬಿಟ್ಟ. ನಾನು ಹಿಡಿ ಇಸಿದುಕೊಂಡು, ಅವನನ್ನು ಕಡಲು ನೋಡುತ್ತ ನಿಲ್ಲಲು ಹೇಳಿ, ಎರಡು ಸಲ ಇಳಿಸಿ ತೋರಿಸಿದೆ. ಅವನೂ ಪಟವನ್ನೇ ನೋಡಿದ. ಬೈದೆ. "ನನ್ನ ಹೆಂಡ್ತಿ ಥರಾನೇ ಬೈತೀರಿ" ಎಂದ. ದಾರ ಅಗ್ಗದ್ದು, ಒಂದು ಇನ್ನೊಂದಕ್ಕಿಂತ ಬೆರಳುದ್ದ ಜಾಸ್ತಿ ಇತ್ತು. ಗಂಟು ಹಾಕಿ ಸರಿಮಾಡಿಕೊಟ್ಟೆ.

ಹಿಲ್ಮಾ ದೂರದಲ್ಲಿದ್ದಳು. ಕೈ ಎತ್ತಿದಳು. ನಾನು ನೋಡದವಳಂತೆ ಬಂದೆ. ಚಪ್ಪಲಿ ತುಂಬ ಮರಳು.

ಆಗಸ್ಟ್ 27, ಶನಿವಾರ

ಟೌನೋ ಲಾರಿ ತಂದ. ಒಳಗೆ ಬಂದು ಸುತ್ತ ನೋಡಿದ. ಒಂದು ಡಬ್ಬವೂ ಕಟ್ಟಿರಲಿಲ್ಲ.

"ಎಲ್ಲಿ ಸಾಮಾನು?"

"ಒಲೆ ತೊಳೆದಿಲ್ಲ ಅಣ್ಣ."

"ಒಲೆ ತೊಳೆಯೋಕೆ ಮೂರು ತಿಂಗಳು ಸಾಲಲಿಲ್ವಾ?"

ಕಾಫಿ ಕೊಟ್ಟೆ. ಸೌನಾದ ಆವಿಕೋಣೆ ಕಾಯಿಸಿಕೊಟ್ಟೆ. ಮೈ ಕೆಂಪಗೆ ಮಾಡಿಕೊಂಡು ಬಂದು ಕುಳಿತವನು ಮತ್ತೆ ಕೇಳಿದ. ಅಕ್ಟೋಬರಿನಲ್ಲಿ ಬರುತ್ತೇನೆ ಎಂದೆ.

"ಯಾಕೆ, ಅಕ್ಟೋಬರಿನಲ್ಲಿ ಏನಿದೆ?"

"ಗಾಳಿ ನೋಡ್ಬೇಕು."

"ಗಾಳಿ ನೋಡ್ಕೊಂಡು ಮನೆ ಬಿಡೋರನ್ನ ಇವತ್ತೇ ಕಂಡಿದ್ದು" ಎಂದ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. "ಪುಟ್ಟಿ, ನೀನು ಅಡುಗೆಮನೇಲಿ ಮಲಗ್ತಿದೀಯ. ಅಲೆ ಜೋರಾದಾಗೆಲ್ಲ ನಿನ್ನ ಭುಜ ಕಿವಿಗೆ ಹೋಗುತ್ತೆ, ನಾನು ನೋಡ್ತಾನೇ ಇದೀನಿ. ಇದು ಬದುಕಾ? ಅಕ್ಟೋಬರ್ ಕೊನೇ ಶನಿವಾರ ಬರ್ತೀನಿ. ಆಮೇಲೆ ಘಟ್ಟದಲ್ಲಿ ಹಿಮ. ಅದಕ್ಕಿಂತ ಆಚೆ ನಿನ್ನ ಮಾತು ಕೇಳಲ್ಲ."

ಖಾಲಿ ಲಾರಿ ತೆಗೆದುಕೊಂಡು ಹೋದ. ಅವನು ಹೇಳಿದ್ದು ನಿಜ. ಹೋಗಲೇಬೇಕು. ಗಾಳಿ ಒಂದು ಸಲ ನೋಡಿ ಹೋಗುವುದು.

ಸೆಪ್ಟೆಂಬರ್ 6, ಮಂಗಳವಾರ

ಬೇಸಿಗೆ ರಜೆ ಮುಗಿದು ಶಾಲೆಯ ಅಡುಗೆಮನೆಯಲ್ಲಿ ನನ್ನ ಕೆಲಸ ಶುರು. ಈ ಸಲ ಬರುವುದಿಲ್ಲ ಎಂದು ಮುಖ್ಯಸ್ಥೆಗೆ ಹೇಳಬೇಕಿತ್ತು. ಆಲೂಗಡ್ಡೆ ಸುಲಿಯುವುದಿತ್ತು, ಮರೆತೆ.

ಸೆಪ್ಟೆಂಬರ್ 11, ಭಾನುವಾರ

ಹಿಲ್ಮಾಳ ಮನೆಗೆ ಹೋದೆ. ನಾನೇ ಬನ್ನು ಮಾಡಿಕೊಂಡು ಹೋಗಿದ್ದೆ. ಅವಳ ಸೊಂಟ ಆವತ್ತೇ ಉಳುಕಿದ್ದಂತೆ.

"ಅಷ್ಟು ಜೋರಾಗಿ ಎಳೆದ್ಯಲ್ಲ, ರಾಕ್ಷಸಿ" ಎಂದಳು.

"ಅಷ್ಟು ಭಾರ ಇದ್ಯಲ್ಲ" ಎಂದೆ.

ಮೂಡುಗಾಳಿಗೆ ಜೋಡಿ ಹಾರಿಸುವುದಾದರೆ ಅಷ್ಟರಲ್ಲಿ ಅಭ್ಯಾಸ ಬೇಕು. ಅಭ್ಯಾಸಕ್ಕೆ ಕಾಯುವವರು ಬೇಕು. ಅವಳನ್ನು ನಂಬುವಂತಿಲ್ಲ, ಅವಳೇ ಒಪ್ಪುತ್ತಾಳೆ. ಕೊನೆಗೆ ಇಬ್ಬರೂ ಮರಳಿಗೆ ಹೋಗಿ, ಕುರ್ಚಿಯನ್ನು ಕಡಲಿಗೆ ತಿರುಗಿಸಿ ಹಾಕಿ, ಅವಳ ಟೋಪಿಯ ಮೇಲೆ ಶಾಲು ಕಟ್ಟಿ, ಗಾಡಿ ಕುದುರೆಗೆ ಕಟ್ಟುವ ಹಾಗೆ ಎರಡೂ ಕಡೆ ಮರೆ ಮಾಡಿದೆ. ಕಡಲು ಬಿಟ್ಟು ಏನೂ ಕಾಣದು.

"ಏನು ಮಾಡ್ತಿದೆ ಈಗ?" ಎಂದು ನಿಮಿಷಕ್ಕೊಮ್ಮೆ ಕೇಳುತ್ತಾಳೆ.

"ಎಡಕ್ಕೆ ಹೋಗ್ತಿದೆ."

"ಎತ್ತರಾನಾ?"

"ಕಡಲು ನೋಡು."

ಆದರೂ ಒಂದು ಸುತ್ತಿಗೊಮ್ಮೆ ತಿರುಗಿ, ಅವಳ ಶಾಲು ಅಲ್ಲಾಡಿಲ್ಲ ತಾನೆ ಎಂದು ನೋಡುತ್ತೇನೆ. ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ. ಹೊಡೆದುಕೊಂಡರೂ ಚೌಕ ಬರುತ್ತದೆ.

ಅಕ್ಟೋಬರ್ 2, ಭಾನುವಾರ

ಪಡುಗಾಳಿ. ಮಳೆ.

ಅಕ್ಟೋಬರ್ 16, ಭಾನುವಾರ

ಮಂಜು. ಗಾಳಿಯೇ ಇಲ್ಲ. ರೇಡಿಯೋದಲ್ಲಿ ಹವಾಮಾನ ಎರಡು ಸಲ ಕೇಳಿದೆ. ಇನ್ನೊಂದು ಭಾನುವಾರ ಉಳಿದಿದೆ. ಮೂಡುಗಾಳಿ ಬಾರದಿದ್ದರೆ ಒಳ್ಳೆಯದೇ ಎಂದೂ ಅನ್ನಿಸುತ್ತದೆ. ಬಂದರೆ ಇಡೀ ಹೊತ್ತು ಅವನು ಹೋದ ನೀರಿಗೆ ಮುಖ ಕೊಟ್ಟು ನಿಲ್ಲಬೇಕು, ಕಣ್ಣು ಬೇರೆ ಕಡೆ ತಿರುಗಿಸುವಂತಿಲ್ಲ. ಕಾಯುವಾಗಲೂ ಕಡಲನ್ನೇ ನೋಡುತ್ತೇನೆ, ನಿಜ. ಆಗ ನೀರು ಬರುತ್ತದೋ ಎಂದಷ್ಟೇ ನೋಡುವುದು.

ಅಕ್ಟೋಬರ್ 23, ಭಾನುವಾರ

ಪಡುಗಾಳಿ. ಎರಡು ಡಬ್ಬ ಕಟ್ಟಿದೆ.

ಅಕ್ಟೋಬರ್ 26, ಬುಧವಾರ

ಟೌನೋಗೆ ಫೋನ್ ಮಾಡಿ, ಶನಿವಾರ ಲಾರಿ ಬೇಡ ಎಂದೆ. ಯಾಕೆ ಎಂದ. ಬೂಟು ಒಣಗಿಲ್ಲ ಎಂದೆ. "ಕುಡಿದಿದೀಯಾ?" ಎಂದ. ಇಲ್ಲ ಅಣ್ಣ ಎಂದೆ. ಕೊನೆಗೆ, "ಕ್ರಿಸ್‌ಮಸ್‌ಗಾದ್ರೂ ಬಾ, ಬಸ್ಸಲ್ಲಿ" ಎಂದ.

ಬೆಳಿಗ್ಗೆ ಶಾಲೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಾಗ ಅಂಗಳದ ಬಾವುಟ ಎಂದಿನಂತಿಲ್ಲದೆ ಕಡಲಿನ ಕಡೆಗೆ ಚಾಚಿರುವುದು ಕಂಡಿತು. ಗಾಳಿ ಬೆಚ್ಚಗಿತ್ತು, ಪೈನ್ ಮರದ ವಾಸನೆ. ಹೊಟ್ಟೆನೋವು ಎಂದು ಮುಖ್ಯಸ್ಥೆಗೆ ಹೇಳಿದೆ. ಹಿಲ್ಮಾ ಆಗಲೇ ಗೇಟಿನ ಹತ್ತಿರ ನಿಂತಿದ್ದಳು, ಎರಡು ಪಟ ಕಂಕುಳಲ್ಲಿ.

ಮೂಡುಗಾಳಿಗೆ ಕಡಲು ಬೇರೆಯಾಗಿಯೇ ಕಾಣುತ್ತದೆ. ಬರುವ ಅಲೆಯ ತಲೆಗೂದಲನ್ನು ಗಾಳಿ ಹಿಂದಕ್ಕೆ ಬಾಚುತ್ತದೆ. ಇಬ್ಬರೂ ಪಕ್ಕಪಕ್ಕ ನಿಂತು ಏರಿಸಿದೆವು. ಈ ಸಲ ಹಿಂದಿಡುವ ಹೆಜ್ಜೆ ದಿಬ್ಬದ ಕಡೆಗೆ. ಕೆಂಪು ಪಟ, ಅವಳ ಹಸಿರು ಪಟ, ಎರಡೂ ನೀರಿನ ಮೇಲೆ. ಹಿಲ್ಮಾ ಕೂಗಿ ಹೇಳಬೇಕು, ನಾನು ಪಟದಿಂದ ಕಣ್ಣು ತೆಗೆಯದೆ ಅವಳ ಮಾತು ಕೇಳಿ ಕೈ ಆಡಿಸಬೇಕು. ಗಾಳಿ ಅವಳ ದನಿಯನ್ನೂ ಕಡಲಿಗೇ ಒಯ್ಯುತ್ತಿತ್ತು.

"ಬಲ! ಸುತ್ತು! ಇನ್ನೊಂದು!"

ಅವಳ ದಾರ ನನ್ನ ದಾರದ ಮೇಲೆ ಸುತ್ತಿಕೊಂಡಿತು. ಅವಳ ಕೈಯ ಅಲುಗಾಟ ನನ್ನ ಬೆರಳಿಗೆ ಬಂತು. ಅಕ್ಕ ತಮ್ಮ ಇದಕ್ಕಾಗಿ ಬರುತ್ತಿದ್ದರೇನೋ. ಎಷ್ಟು ವರ್ಷ ಕುರ್ಚಿಯಲ್ಲಿ ಕೂತಿದ್ದರೂ ನನಗೆ ಗೊತ್ತಾಗಿರಲಿಲ್ಲ.

"ಎಡ! ಬಿಚ್ಚು!"

ಅಲೆಯೊಳಗೆ ಕಪ್ಪಗೆ ಏನೋ ಉರುಳಿತು. ಕಣ್ಣು ತೆಗೆಯುವಂತಿರಲಿಲ್ಲ, ನನ್ನ ಪಟ ಅದರ ಮೇಲೇ ಇತ್ತು. ನೋಡಿದೆ. ಇನ್ನೂ ನೋಡಿದೆ. ಮರದ ದಿಮ್ಮಿ.

ಅಷ್ಟರಲ್ಲಿ ಗಾಳಿ ಒಮ್ಮೆ ಸತ್ತು, ಒಮ್ಮೆಲೇ ಬೀಸಿತು. ಕೆಂಪು ಪಟ ಮೂಗು ಕೆಳಗೆ ಮಾಡಿ ನೀರಿಗೆ ಬೀಳತೊಡಗಿತು. ನೀರು ತುಂಬಿದ ಪಟವನ್ನು ಕಡಲು ಕೊಡುವುದಿಲ್ಲ. ನಾನು ಅದರ ಕಡೆಗೆ ನಡೆದೆ, ಕೈ ಮುಂದೆ ಕೊಟ್ಟೆ, ಇನ್ನೂ ನಡೆದೆ. ಅದು ನೀರಿನ ಮೇಲೆ ಅಂಗಾತವಾಗಿ ಒಂದು ಗಳಿಗೆ ತೇಲಿದಂತೆ ನಿಂತಿತು, ಆಮೇಲೆ ಮೂಗು ಎತ್ತಿತು. ಎಳೆದೆ. ಹೋಯಿತು ಮೇಲಕ್ಕೆ, ಬುರ್‍ರೆಂದು.

"ಐಲಾ! ನೀರಲ್ಲಿದೀಯ ಕಣೆ!"

ಬೂಟಿನ ತುಂಬ ನೀರು. ಮೊಣಕಾಲಿನವರೆಗೆ ತಣ್ಣಗೆ ಬಂದು, ಹಿಂದೆ ಹೋಗುವಾಗ ಕಾಲಡಿಯ ಮರಳನ್ನು ಕೊರೆದುಕೊಂಡು ಹೋಗುತ್ತಿತ್ತು. ಓಡಬೇಕು ಎನ್ನಿಸಿತು. ಆದರೆ ಪಟ ಈಗ ಗಾಳಿಯ ನಡುವಿನಲ್ಲಿತ್ತು, ಎರಡೂ ಕೈ ಹಿಡಿದು ಕಡಲಿನ ಕಡೆಗೇ ಎಳೆಯುತ್ತಿತ್ತು. ಬಿಟ್ಟರೆ ಹೋಗಿಬಿಡುತ್ತದೆ. ಹಿಮ್ಮಡಿ ಊರಿ, ಮೈ ಹಿಂದಕ್ಕೆ ವಾಲಿಸಿ ನಿಂತೆ. ಹೆದರಿಕೆಗೋ ಚಳಿಗೋ ಹಲ್ಲು ಕಟಕಟ ಎನ್ನುತ್ತಿತ್ತು.

"ಅಷ್ಟು ಎಳೀಬೇಡ" ಎಂದೆ, ಅವನ ಪಟದ ಕಡೆ ನೋಡುತ್ತ. "ನಾನು ಇಲ್ಲೇ ಇರ್ತೀನಿ."

"ಏನು?" ಎಂದು ಹಿಲ್ಮಾ ದಡದಿಂದ ಕೂಗಿದಳು. "ನಾನೆಲ್ಲಿ ಎಳೆದೆ? ನನ್ನ ದಾರ ಬಿಚ್ಚಿಕೊಂಡು ಆಗಲೇ ಎಷ್ಟು ಹೊತ್ತಾಯ್ತು!"

ನಿನಗಲ್ಲ, ಎಂದೆ.